ಚಾಕು ಚಿಕ್ಕದು, ಜೀವ ದೊಡ್ಡದು

2003ರ ಏಪ್ರಿಲ್. ಅಮೆರಿಕದ ಯೂಟಾ ರಾಜ್ಯದ ಕಣಿವೆಯೊಂದರಲ್ಲಿ ಆರನ್ ರಾಲ್‌ಸ್ಟನ್ ಅನ್ನೋ ಚಾರಣಿಗನ ಬಲಗೈ ಬಂಡೆಗೆ ಸಿಕ್ಕಿಬಿತ್ತು. 5 ದಿನ ಒಬ್ಬನೇ. ಕೊನೆಗೆ ತನ್ನ ಕೈಯನ್ನ ತಾನೇ ಕತ್ತರಿಸಿಕೊಂಡು ಹೊರಬಂದ. ಕೈಲಿದ್ದದ್ದು ಮಡಚುವ, ಅಗ್ಗದ, ಮೊಂಡು ಚಾಕು!

ಟ್ರೆಕ್ಕಿಂಗ್ ಹೋಗೋ ಹುಡುಗರಿಗೆ ನಾನು ಹೇಳೋದಿಷ್ಟೇ. ಮಡಚದ ಚಾಕು ತಗೊಳ್ಳಿ. ಅಲಗು 4 ಇಂಚು ಸಾಕು. ಅಲಗಿನ ಉಕ್ಕು ಹಿಡಿಯ ತುದಿವರೆಗೂ ಒಂದೇ ತುಂಡಾಗಿರಲಿ, ಹಿಡಿ ಕಳಚೋ ಭಯ ಇರಲ್ಲ. ಹಿಡಿಗೆ ಕಿತ್ತಳೆ ಬಣ್ಣದ ಗಟ್ಟಿ ದಾರ ಸುತ್ತಿ. ಹುಲ್ಲಲ್ಲಿ ಬಿದ್ರೂ ಕಾಣುತ್ತೆ, ಬಿಚ್ಚಿದ್ರೆ ಕಟ್ಟೋಕೂ ಆಗುತ್ತೆ. ಹೊರಡೋ ಮುಂಚೆ ಸಾಣೆ ಹಿಡಿಸಿ.

ಆದರೆ ಆರನ್ ಮಾಡಿದ ದೊಡ್ಡ ತಪ್ಪು ಚಾಕುವಿನದಲ್ಲ. ಎಲ್ಲಿಗೆ ಹೋಗ್ತೀನಿ ಅಂತ ಆತ ಯಾರಿಗೂ ಹೇಳಿರಲಿಲ್ಲ. ಚಾಕು ಮರೆತರೂ ಪರವಾಗಿಲ್ಲ, ಮನೆಯವರಿಗೆ ಹೇಳೋದು ಮರೀಬೇಡಿ.