'ನೈಜೀರಿಯ' ಹೋಗಿ 'ಮೈಸೂರು' ಆದ ಹಡಗು

(ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯಲ್ಲಿ ಮಾಡಿದ ಭಾಷಣ)



ನಮ್ಮ ಸೀಮೆಗೂ ಸಮುದ್ರಕ್ಕೂ ಬಲು ದೂರ. ನಾವು ಬಲ್ಲ ಸಾಗರವೆಂದರೆ ವಾಣಿವಿಲಾಸ ಸಾಗರ. ಆದರೂ ಇಂದು ಒಂದು ಯುದ್ಧನೌಕೆಯ ಕಥೆ ಹೇಳುತ್ತೇನೆ. ಅದರ ಹೆಸರು 'ಮೈಸೂರು'. ಆ ಹೆಸರಿಟ್ಟ 1957ರಲ್ಲಿ ಹರಿಯಬ್ಬೆ ಇದ್ದದ್ದೂ ಮೈಸೂರು ರಾಜ್ಯದಲ್ಲೇ.

ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಮೊದಲು ಹಲ್ಲು ನೋಡುತ್ತಾರೆ. ಆಮೇಲೆ ಎಲ್ಲಿ ದುಡಿದದ್ದೆಂದು ವಿಚಾರಿಸುತ್ತಾರೆ. ಭಾರತ ಕೊಂಡ ಈ ಹಳೆಯ ಹಡಗಿನ ಬಗ್ಗೆಯೂ ಹಾಗೆಯೇ ವಿಚಾರಿಸೋಣ.

ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ವಿಕರ್ಸ್-ಆರ್ಮ್‌ಸ್ಟ್ರಾಂಗ್ಸ್ ಕಂಪೆನಿ ಕಟ್ಟಿದ ಈ ಕ್ರೂಸರ್ ನೀರಿಗಿಳಿದದ್ದು 1939ರ ಜುಲೈನಲ್ಲಿ. 550 ಅಡಿಗೂ ಹೆಚ್ಚು ಉದ್ದ, 6 ಅಂಗುಲದ 12 ಫಿರಂಗಿಗಳು. ಈ ಮಾದರಿಯ ಹಡಗುಗಳಿಗೆ ವಸಾಹತುಗಳ ಹೆಸರಿಡುತ್ತಿದ್ದ ಬ್ರಿಟಿಷರು ಇದನ್ನು 'ನೈಜೀರಿಯ' ಎಂದು ಕರೆದರು.

1941ರ ಜೂನ್‌ನಲ್ಲಿ ಉತ್ತರದ ಹಿಮಸಮುದ್ರದಲ್ಲಿ ಜರ್ಮನರ ಹವಾಮಾನ ನೌಕೆ 'ಲೌಯೆನ್‌ಬರ್ಗ್' ಅನ್ನು ಹಿಡಿದ ತಂಡದಲ್ಲಿ ಇದೂ ಇತ್ತು. ಅಲ್ಲಿ ಸಿಕ್ಕ ಕಾಗದಪತ್ರಗಳು ಜರ್ಮನರ ಎನಿಗ್ಮಾ ಗುಪ್ತಲಿಪಿಯನ್ನು ಬಿಡಿಸಲು ನೆರವಾದವು. 1942ರ ಆಗಸ್ಟ್ 12ರಂದು, ಮಾಲ್ಟಾ ದ್ವೀಪಕ್ಕೆ ಸಾಮಗ್ರಿ ಒಯ್ಯುವ ಹಡಗುಗಳಿಗೆ ಕಾವಲಾಗಿ ಹೊರಟಾಗ, ಇಟಲಿಯ ಜಲಾಂತರ್ಗಾಮಿ 'ಆಕ್ಸಮ್' ಇದಕ್ಕೆ ಟಾರ್ಪೆಡೊ ಹೊಡೆಯಿತು. 50ಕ್ಕೂ ಹೆಚ್ಚು ನಾವಿಕರು ಸತ್ತರು. ಹಡಗು ಮುಳುಗಲಿಲ್ಲ; ಅಮೆರಿಕದಲ್ಲಿ ದುರಸ್ತಿಯಾಗಿ ಮತ್ತೆ ಕೆಲಸಕ್ಕೆ ಬಂತು.

ಸ್ವತಂತ್ರ ಭಾರತಕ್ಕೆ ಉದ್ದನೆಯ ಕರಾವಳಿಯಿತ್ತು. ಕ್ರೂಸರ್ ಕಟ್ಟುವ ಶಕ್ತಿ ಆಗ ಇರಲಿಲ್ಲ. 1954ರಲ್ಲಿ 'ನೈಜೀರಿಯ'ವನ್ನು ಕೊಂಡಿತು. ಬರ್ಕನ್‌ಹೆಡ್‌ನ ಕಟ್ಟೆಯಲ್ಲಿ ನವೀಕರಣಗೊಂಡು, 1957ರ ಆಗಸ್ಟ್ 29ರಂದು ಅದು ಐಎನ್ಎಸ್ 'ಮೈಸೂರು' ಆಗಿ ನಮ್ಮ ನೌಕಾಪಡೆ ಸೇರಿತು. ಗಂಡಭೇರುಂಡ ಅದರ ಲಾಂಛನವಾಯಿತು.

ಈ ಹೆಸರು ಬರಿಯ ಅಲಂಕಾರವಾಗಿ ಉಳಿಯಲಿಲ್ಲ. ಕಾರವಾರದ ತೀರದೆದುರಿಗೇ ಇರುವ ಅಂಜುದೀವ್ ದ್ವೀಪ 1961ರಲ್ಲೂ ಪೋರ್ಚುಗೀಸರ ಕೈಯಲ್ಲಿತ್ತು. ಅಲ್ಲಿಂದ ಆ ನವೆಂಬರ್‌ನಲ್ಲಿ 'ಸಾಬರಮತಿ' ಎಂಬ ಭಾರತೀಯ ಹಡಗಿನ ಮೇಲೆ ಗುಂಡು ಹಾರಿತು. ಡಿಸೆಂಬರ್ 18ರಂದು ಗೋವಾ ವಿಮೋಚನೆಯ ಕಾರ್ಯಾಚರಣೆ ಆರಂಭವಾದಾಗ 'ಮೈಸೂರು' ಮತ್ತು 'ತ್ರಿಶೂಲ್' ದ್ವೀಪದ ಮುಂದೆ ನಿಂತವು. ದಡಕ್ಕಿಳಿದ ನಮ್ಮ ನಾವಿಕರಲ್ಲಿ 7 ಮಂದಿ ಪ್ರಾಣ ತೆತ್ತರು, ದ್ವೀಪ ನಮ್ಮದಾಯಿತು. ಒಂದು ಸಾಮ್ರಾಜ್ಯ ತನ್ನ ವಸಾಹತಿನ ಹೆಸರಿಟ್ಟು ಕಟ್ಟಿದ ಹಡಗು, ಇನ್ನೊಂದು ಸಾಮ್ರಾಜ್ಯವನ್ನು ನಮ್ಮ ಕರಾವಳಿಯಿಂದ ತೆರವು ಮಾಡಲು ದುಡಿಯಿತು.

1971ರ ಯುದ್ಧದಲ್ಲಿ ಅದು ಪಶ್ಚಿಮ ನೌಕಾಬಳಗದ ಧ್ವಜನೌಕೆ. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾದರೂ ಹಡಗಿನ ಹೆಸರು ಬದಲಾಗಲಿಲ್ಲ. 1985ರ ಆಗಸ್ಟ್ 20ರಂದು ನಿವೃತ್ತಿಯಾಯಿತು. ಆಮೇಲೆ ಗುಜರಿಗೆ ಹೋಯಿತು.

ಪರರು ಬಳಸಿಬಿಟ್ಟದ್ದನ್ನು ಕೊಂಡದ್ದು ಅವಮಾನವೇ ಎಂದು ಕೇಳುವವರಿದ್ದಾರೆ. 28 ವರ್ಷ ಆ ಡೆಕ್ಕಿನ ಮೇಲೆ ನಮ್ಮ ನಾವಿಕರು ದೊಡ್ಡ ಹಡಗು ನಡೆಸುವುದನ್ನು ಕಲಿತರು. 1999ರ ಜೂನ್ 2ರಂದು ಸೇವೆಗೆ ಸೇರಿದ ಎರಡನೆಯ 'ಮೈಸೂರು' ಕಟ್ಟಿದ್ದು ಮುಂಬೈಯ ಮಜಗಾಂವ್ ಡಾಕ್‌ನಲ್ಲಿ. ಕೊಂಡ ಹಡಗಿನ ಹೆಸರನ್ನು ನಾವೇ ಕಟ್ಟಿದ ಹಡಗಿಗೆ ಇಟ್ಟೆವು. ಕೇಳಿದವರಿಗೆ ಅದೇ ಉತ್ತರ.