ರಸೀದಿ ಕೇಳಿ ಇಸ್ಕೊಳ್ಳಿ
ಖಾರಘರದಿಂದ ಮಾತಾಡ್ತಿದ್ದೀನಿ. ಊರಲ್ಲಿ ನಮ್ಮಮ್ಮನ ವೃದ್ಧಾಪ್ಯ ಪಿಂಚಣಿ ನಾಲ್ಕು ತಿಂಗಳಿಂದ ನಿಂತಿದೆ. ಹೊಲದಲ್ಲಿ ದುಡಿದ ಕೈ, ಬೆರಳಚ್ಚು ಸವೆದಿದೆ, ಯಂತ್ರ ಒಪ್ಪಲ್ಲ. "ಬದುಕಿದ್ದೀನಿ ಅಂತ ಇನ್ನೆಷ್ಟು ಸಲ ಹೇಳ್ಲಪ್ಪ?" ಅಂದ್ರು. ದಿನವಿಡೀ ಲಾಗಿನ್ ಪುಟ ಬರೆಯೋ ನನ್ನ ಹತ್ರ ಉತ್ತರ ಇರಲಿಲ್ಲ.

ಬಾಯಿಮಾತಲ್ಲಿ ಕೇಳಿದ್ರೆ "ನಾಳೆ ಬನ್ನಿ" ಅಂತಾರೆ. ಅರ್ಜಿ ಕೊಟ್ಟು ರಸೀದಿ ಇಸ್ಕೊಳ್ಳಿ. ಕರ್ನಾಟಕದಲ್ಲಿ 2012ರಿಂದ ಸಕಾಲ ಇದೆ: ಪಟ್ಟಿಯಲ್ಲಿರುವ ಸೇವೆಗೆ ಗಡುವು, ಅರ್ಜಿಗೊಂದು ಸಂಖ್ಯೆ, ತಡವಾದ್ರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ಪರಿಹಾರ. ಇಲ್ಲಿ ಮಹಾರಾಷ್ಟ್ರದಲ್ಲೂ 2015ರ ಸೇವಾ ಹಕ್ಕು ಕಾಯ್ದೆ ಇದೆ. ಮೊತ್ತ ಚಿಕ್ಕದು, ಆದ್ರೆ ತಡಕ್ಕೆ ಒಬ್ಬ ಹೊಣೆಗಾರ ಸಿಗ್ತಾನೆ.

ಡಿಜಿಟಲ್ ಸೇವೆ ಎಲ್ಲರಿಗೂ ಎಟುಕುವುದು ಬದುಕುವ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಹೇಳಿದೆ. ಅಮ್ಮನ ಅರ್ಜಿಗೂ ಈಗ ಸಂಖ್ಯೆ ಬಂದಿದೆ, ದಿನ ಎಣಿಸ್ತಿದ್ದೀವಿ. ಊರಿಗೆ ಹೋದಾಗ ನಿಮ್ಮ ಅಪ್ಪ-ಅಮ್ಮನ ಪಾಸ್‌ಬುಕ್ ಒಮ್ಮೆ ತೆಗೆದು ನೋಡಿ.