ಶಿಲೆಯಲ್ಲಿ ಮೂಡಿದ ಮಾತೃತ್ವ
(ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಭಾಷಣ)



ಬಸದಿಗೆ ಬಂದವರು ಜಿನಬಿಂಬಕ್ಕೆ ವಂದಿಸಿ, ಪಕ್ಕದ ಯಕ್ಷಿಗೆ ಕೈಮುಗಿದು ಹೊರಡುವುದು ವಾಡಿಕೆ. ಆ ಯಕ್ಷಿಯ ಮೂರ್ತಿಯಲ್ಲಿ ಶಿಲ್ಪಿ ಏನನ್ನು ಬರೆದಿಟ್ಟಿದ್ದಾನೆಂದು ನಿಂತು ನೋಡುವವರು ವಿರಳ.

ಇಪ್ಪತ್ತೆರಡನೆಯ ತೀರ್ಥಂಕರ ನೇಮಿನಾಥಸ್ವಾಮಿಯ ಶಾಸನದೇವತೆ ಕೂಷ್ಮಾಂಡಿನಿ. ಅಂಬಿಕೆಯೆಂಬುದೂ ಅವಳ ಹೆಸರೇ. ಪೂರ್ವಭವದಲ್ಲಿ ಆಕೆ ಗಿರಿನಗರದ ಒಬ್ಬ ಗೃಹಿಣಿ. ಶ್ರಾದ್ಧಕ್ಕೆಂದು ಮಾಡಿದ ಅಡುಗೆಯನ್ನು ಮನೆಬಾಗಿಲಿಗೆ ಬಂದ ಮುನಿಗೆ ಭಕ್ತಿಯಿಂದ ನೀಡಿದಳು. ಪತಿ ಕೋಪಗೊಂಡು ಮನೆಯಿಂದ ಹೊರಗಟ್ಟಿದನು. ಎರಡು ಎಳೆಯ ಮಕ್ಕಳೊಡನೆ ಊರ್ಜಯಂತಗಿರಿಯತ್ತ ನಡೆದಳು. ಹಸಿದ ಮಕ್ಕಳಿಗಾಗಿ ಮಾವಿನ ಮರ ಅಕಾಲದಲ್ಲಿ ಫಲ ನೀಡಿತು. ಪಶ್ಚಾತ್ತಾಪದಿಂದ ಅರಸಿ ಬಂದ ಪತಿಯನ್ನು ಕಂಡು ಹೆದರಿ ಪ್ರಾಣ ಬಿಟ್ಟು, ಯಕ್ಷಿಯಾದಳು. ಪತಿ ಅವಳ ವಾಹನವಾದ ಸಿಂಹವಾದನೆಂಬುದು ಪರಂಪರೆಯ ಕಥೆ.

ಇಷ್ಟು ದೀರ್ಘವಾದ ದುಃಖವನ್ನು ಶಿಲ್ಪಿ ಹೇಗೆ ಹೇಳಿದನು? ಒಂದು ಕಣ್ಣೀರನ್ನೂ ಕೊರೆಯಲಿಲ್ಲ. ಮಡಿಲಲ್ಲೊಂದು ಮಗುವನ್ನಿರಿಸಿದನು, ಮತ್ತೊಂದನ್ನು ಪಕ್ಕದಲ್ಲಿ ನಿಲ್ಲಿಸಿದನು: ಅದು ಮಾತೃತ್ವ. ಕೈಗೆ ಮಾವಿನ ಗೊಂಚಲನ್ನು ಕೊಟ್ಟನು: ಇದ್ದುದನ್ನೆಲ್ಲ ಕೊಟ್ಟವಳ ಕೈ ಬರಿದಾಗಲಿಲ್ಲವೆಂಬ ತ್ಯಾಗದ ಅರ್ಥ ಅದರಲ್ಲಿದೆ. ಶಿರದ ಮೇಲೆ ಪುಟ್ಟ ಜಿನಬಿಂಬವನ್ನು ಕಡೆದನು: ಅದು ಶರಣಾಗತಿ. ಅಟ್ಟಿದವನ ಕ್ರೋಧವೇ ಸಿಂಹವಾಗಿ ಪಾದದ ಬಳಿ ಶಾಂತವಾಗಿ ಕುಳಿತಿದೆ. ಪ್ರತೀಕಾರದ ಚಿಹ್ನೆ ಎಲ್ಲಿಯೂ ಇಲ್ಲ.

ಎಲ್ಲೋರದ ೩೨ನೆಯ ಗುಹೆಯಲ್ಲಿ ಮಾವಿನ ಮರದ ಕೆಳಗೆ ಸಿಂಹಾರೂಢಳಾದ ಅಂಬಿಕೆಯನ್ನು ಕಾಣಬಹುದು. ಕ್ರಿ.ಶ. ೬೩೪ರಲ್ಲಿ ರವಿಕೀರ್ತಿ ಕಟ್ಟಿಸಿದ ಐಹೊಳೆಯ ಮೇಗುಟಿ ಜಿನಾಲಯದ ಅಂಬಿಕೆ ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿದ್ದಾಳೆ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ, ಚಾವುಂಡರಾಯ ಬಸದಿಯ ನೇಮಿನಾಥನ ಸನ್ನಿಧಿಯಲ್ಲಿಯೂ ಈ ತಾಯಿ ಇದ್ದಾಳೆ.

ಎದುರಿನ ವಿಂಧ್ಯಗಿರಿಯಲ್ಲಿ ಅವಳೇ ಮುದುಕಿಯ ರೂಪದಿಂದ ಬಂದಳೆಂದು ಐತಿಹ್ಯ. ಚಾವುಂಡರಾಯನ ಕೊಡಕೊಡ ಹಾಲು ಗೊಮ್ಮಟನ ಪಾದವನ್ನು ಮುಟ್ಟಲಿಲ್ಲ. ಅಜ್ಜಿಯ ಗುಳ್ಳಕಾಯಿಯ ಹಾಲು ಬೆಟ್ಟದಿಂದಿಳಿದು ಹರಿಯಿತು. ೫೮ ಅಡಿಯ ವಿರಾಗಮೂರ್ತಿಗೆ ಎದುರಾಗಿ ಗುಳ್ಳಕಾಯಜ್ಜಿಯ ಸಣ್ಣ ವಿಗ್ರಹ ಇಂದಿಗೂ ನಿಂತಿದೆ. ದೊಡ್ಡದನ್ನು ಕಡೆಸಿದವರು ಸಣ್ಣದನ್ನು ಮರೆಯಲಿಲ್ಲ.

ಅಂಬಿಕೆಯ ಕಥೆಯಲ್ಲಿ ಒಂದು ಕಠಿಣ ಪ್ರಶ್ನೆಯಿದೆ. ತಾಯಿಯ ದಾನಕ್ಕೆ ಮಕ್ಕಳೂ ಹಸಿವಿನ ಬೆಲೆ ತೆತ್ತರು. ಆಕೆಯ ಪುಣ್ಯವನ್ನು ಪೂಜಿಸುವ ಮನೆ, ಆಕೆಯನ್ನು ಹೊರಗಟ್ಟಿದ ಮನೆಯಂತೆ ನಡೆದುಕೊಳ್ಳಬಾರದು. ತಾಯಂದಿರ ತ್ಯಾಗವನ್ನು ಹೊಗಳುವುದು ಸುಲಭ. ಅವರು ಕೊಡಲು ಕೈಯೆತ್ತಿದಾಗ ತಡೆಯದೆ ಜೊತೆಗೆ ನಿಲ್ಲುವುದು ಧರ್ಮ.

ಈ ನೂತನ ಬಸದಿಯ ಕಲ್ಲುಗಳ ಹಿಂದೆಯೂ ಹೆಸರು ಬರೆಸದ ಎಷ್ಟೋ ತಾಯಂದಿರ ಮುಷ್ಟಿ ಅಕ್ಕಿ, ಕಿವಿಯ ಓಲೆ ಇರುತ್ತವೆ. ಯಕ್ಷಿಯ ಮುಂದೆ ನಿಂತಾಗ ಅವರನ್ನು ಸ್ಮರಿಸೋಣ. ಅನಂತರ ಆಕೆಯಂತೆಯೇ, ಶಿರವನ್ನು ಜಿನಚರಣಗಳಿಗೆ ಬಾಗಿಸೋಣ.